ಲೋಗೊ, ಲೇಬಲ್, ಪ್ಯಾಕೆಟ್ ವಿನ್ಯಾಸ ಮಾಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತಿಪಟೂರಿನ ಕೊಬ್ಬರಿ, ಚೇಳೂರು ಕಡೆಯ ಹಲಸು, ಪಾವಗಡದ ಕಡಲೆಕಾಯಿ, ಜಿಲ್ಲೆಯ ಉದ್ದಗಲಕ್ಕೂ ಬೆಳೆಯುವ ರಾಗಿ ಮತ್ತು ಹುಣಸೆ ಬಹುಕಾಲ ಮೂಟೆಗಳಲ್ಲಿಯೇ ಊರು ಬಿಟ್ಟು ಹೋಗುತ್ತಿದ್ದವು. ಈಗ ಅದೇ ಬೆಳೆಗಾರರು, ಗಾಣದವರು, ಸ್ತ್ರೀಶಕ್ತಿ ಸಂಘದವರು, ರೈತ ಉತ್ಪಾದಕ ಸಂಸ್ಥೆಯವರು ತಮ್ಮದೇ ಹೆಸರಿನಲ್ಲಿ ಬಾಟಲಿ, ಪೌಚ್, ಡಬ್ಬಿಗಳಲ್ಲಿ ಮಾರಲು ಮುಂದೆ ಬರುತ್ತಿದ್ದಾರೆ. ತುಮಕೂರಿನಲ್ಲಿ ವಿನ್ಯಾಸದ ಕೆಲಸ ಮಾಡುತ್ತ ನಾನು ಕಂಡಿರುವಂತೆ, ಇಂಥವರಿಗೂ ಡಿಸೈನರುಗಳಿಗೂ ನಡುವೆ ಹುಟ್ಟುವ ಮನಸ್ತಾಪಗಳಲ್ಲಿ ಹೆಚ್ಚಿನವು ಚಿತ್ರ ಚೆನ್ನಾಗಿಲ್ಲ ಎಂಬ ಕಾರಣದಿಂದ ಹುಟ್ಟಿದವಲ್ಲ. ಒಂದೇ ಪದಕ್ಕೆ ಇಬ್ಬರೂ ಬೇರೆ ಬೇರೆ ಅರ್ಥ ಇಟ್ಟುಕೊಂಡಿದ್ದರಿಂದ ಹುಟ್ಟಿದವು. ಆದ್ದರಿಂದ, ಕೆಲಸ ಒಪ್ಪಿಸುವ ಮೊದಲು ತಿಳಿದಿರಬೇಕಾದ ಪದಗಳನ್ನು, ಜನ ನನ್ನನ್ನು ಕೇಳುವ ಪ್ರಶ್ನೆಗಳ ರೂಪದಲ್ಲಿಯೇ ಇಲ್ಲಿ ವಿವರಿಸಿದ್ದೇನೆ.

ಡಿಸೈನರುಗಳು ಮೊದಲು "ಬ್ರೀಫ್ ಕೊಡಿ" ಎನ್ನುತ್ತಾರೆ. ಹಾಗೆಂದರೇನು? ಬಾಯಲ್ಲಿ ಹೇಳಿದರೆ ಸಾಲದೇ?

ಬ್ರೀಫ್ ಎಂದರೆ ಕೆಲಸದ ವಿವರಪತ್ರ. ನೀವು ಏನು ಮಾರುತ್ತೀರಿ, ಯಾರಿಗೆ ಮಾರುತ್ತೀರಿ, ಎಷ್ಟು ತೂಕದ ಪ್ಯಾಕೆಟ್, ಯಾವ ಬೆಲೆ, ಅದು ಯಾವ ಅಂಗಡಿಯಲ್ಲಿ ಯಾವ ಸರಕಿನ ಪಕ್ಕದಲ್ಲಿ ಕೂರುತ್ತದೆ, ಕೆಲಸ ಯಾವ ದಿನಾಂಕಕ್ಕೆ ಮುಗಿಯಬೇಕು ಎಂಬುದನ್ನು ಒಂದೆರಡು ಪುಟಗಳಲ್ಲಿ ಬರೆದುಕೊಟ್ಟರೆ ಅದೇ ಬ್ರೀಫ್. ಭಾಷೆ ಚೆಂದವಾಗಿರಬೇಕಿಲ್ಲ, ಸಂಗತಿ ಸ್ಪಷ್ಟವಾಗಿರಬೇಕು. "ಹಸಿರು ಬಣ್ಣ ಹಾಕಿ, ತೆಂಗಿನಮರ ಇರಲಿ" ಎಂಬುದು ಬ್ರೀಫ್ ಅಲ್ಲ. ಅದು ನೀವೇ ಕಂಡುಕೊಂಡ ಪರಿಹಾರ. "ಕೊಬ್ಬರಿ ಎಣ್ಣೆಯನ್ನು ಅಡುಗೆಗೆ ಬಳಸುವ ಮನೆಯವರು ನಮ್ಮ ಬಾಟಲಿಯನ್ನು ತಲೆಗೆ ಹಚ್ಚುವ ಎಣ್ಣೆ ಎಂದುಕೊಂಡು ಮುಂದೆ ಹೋಗುತ್ತಿದ್ದಾರೆ" ಎಂದು ಬರೆದರೆ ಅದು ಬ್ರೀಫ್, ಏಕೆಂದರೆ ಅಲ್ಲಿ ಬಿಡಿಸಬೇಕಾದ ತೊಡಕು ಕಾಣುತ್ತದೆ.

ಬಾಯಲ್ಲಿ ಹೇಳಿದ್ದು ಒಂದು ವಾರದ ಮೇಲೆ ಇಬ್ಬರ ನೆನಪಿನಲ್ಲೂ ಬೇರೆ ಬೇರೆಯಾಗಿರುತ್ತದೆ. ಅಣ್ಣ, ತಮ್ಮ, ಅತ್ತಿಗೆ ಸೇರಿ ನಡೆಸುವ ಉದ್ಯಮವಾದರೆ ಮೂವರೂ ಕುಳಿತು ಬ್ರೀಫ್ ಬರೆಯುವುದು ಇನ್ನೂ ಮುಖ್ಯ. ಅಂತಿಮ ಒಪ್ಪಿಗೆ ಕೊಡುವವರು ಯಾರು ಎಂಬ ಒಂದು ಹೆಸರೂ ಅದರಲ್ಲಿರಲಿ.

ಎಸ್ಟಿಮೇಟ್ ಮತ್ತು ಕೊಟೇಶನ್ ಒಂದೇ ಅಲ್ಲವೇ?

ಅಲ್ಲ. ಎಸ್ಟಿಮೇಟ್ ಎಂದರೆ ಅಂದಾಜು. ಕೆಲಸ ಬೆಳೆದಂತೆ ಮೊತ್ತವೂ ಬದಲಾಗಬಹುದು. ಕೊಟೇಶನ್ ಎಂದರೆ ಇಷ್ಟು ಕೆಲಸಕ್ಕೆ ಇಷ್ಟು ಹಣ ಎಂದು ಕೊಟ್ಟ ಖಚಿತ ದರ, ಸಾಮಾನ್ಯವಾಗಿ ಇಂತಿಷ್ಟು ದಿನ ಮಾತ್ರ ಊರ್ಜಿತ. ತೆರಿಗೆ ಸೇರಿದೆಯೇ ಎಂದು ಕೇಳಿಕೊಳ್ಳಿ. ವಿನ್ಯಾಸ ಸೇವೆಗೆ ಜಿಎಸ್‌ಟಿ ಶೇ. 18. ಕರ್ನಾಟಕದಲ್ಲಿ ವರ್ಷಕ್ಕೆ 20 ಲಕ್ಷ ರೂಪಾಯಿಯೊಳಗೆ ವಹಿವಾಟು ಇರುವ ಸೇವಾದಾರರು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲವಾದ್ದರಿಂದ, ಒಬ್ಬಂಟಿಯಾಗಿ ಕೆಲಸ ಮಾಡುವ ಡಿಸೈನರ್ ತೆರಿಗೆ ಹಾಕದೆ ಬಿಲ್ ಕೊಟ್ಟರೆ ಅದು ತಪ್ಪೇನಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಹಾಕಿ ಬಿಲ್ ಕೊಟ್ಟರೆ ಅದು ತಪ್ಪು.

"ಸ್ಕೋಪ್" ಮತ್ತು "ಡೆಲಿವರಬಲ್" ಎಂಬ ಪದಗಳು ಕೊಟೇಶನ್‌ನಲ್ಲಿ ಇರುತ್ತವೆ. ಅವುಗಳ ಅರ್ಥವೇನು?

ಸ್ಕೋಪ್ ಎಂದರೆ ಕೆಲಸದ ಎಲ್ಲೆ, ಹೊಲಕ್ಕೆ ಬದು ಇದ್ದಂತೆ. ಡೆಲಿವರಬಲ್ ಎಂದರೆ ಕೊನೆಯಲ್ಲಿ ನಿಮ್ಮ ಕೈಗೆ ಬರುವ ವಸ್ತು. "ಪ್ಯಾಕೇಜಿಂಗ್ ವಿನ್ಯಾಸ" ಎಂದಷ್ಟೇ ಬರೆದಿದ್ದರೆ ಬಾಟಲಿಯ ಮುಂದಿನ ಲೇಬಲ್ ಮಾತ್ರವೇ, ಹಿಂದಿನದೂ ಸೇರಿದೆಯೇ, 200 ಮಿ.ಲೀ., 500 ಮಿ.ಲೀ., 1 ಲೀಟರ್ ಮೂರಕ್ಕೂ ಬೇರೆ ಬೇರೆ ಮಾಡಿಕೊಡುತ್ತಾರೆಯೇ, ರಟ್ಟಿನ ಪೆಟ್ಟಿಗೆಯ ಮೇಲಿನ ಮುದ್ರಣವೂ ಇದೆಯೇ ಎಂಬುದು ತಿಳಿಯುವುದಿಲ್ಲ. ಒಂದೊಂದನ್ನೂ ಬಿಡಿಸಿ ಬರೆಸಿಕೊಳ್ಳಿ. ಪಠ್ಯ ಬರೆಯುವುದು, ಕನ್ನಡಕ್ಕೆ ಅನುವಾದಿಸುವುದು, ಸರಕಿನ ಫೋಟೊ ತೆಗೆಯುವುದು ಮತ್ತು ಮುದ್ರಣ, ಈ ನಾಲ್ಕು ಸಾಮಾನ್ಯವಾಗಿ ವಿನ್ಯಾಸ ಶುಲ್ಕದ ಹೊರಗಿರುತ್ತವೆ. ಒಳಗಿವೆ ಎಂದು ಯಾರೂ ತಾವಾಗಿಯೇ ಭಾವಿಸಬಾರದು.

ಕಾನ್ಸೆಪ್ಟ್ ಮತ್ತು ರಿವಿಷನ್‌ಗೆ ಇರುವ ವ್ಯತ್ಯಾಸವೇನು? "ಮೂರು ರಿವಿಷನ್" ಎಂದರೆ ಮೂರು ಹೊಸ ಡಿಸೈನ್ ಸಿಗುತ್ತವೆಯೇ?

ನಾನು ಅತಿ ಹೆಚ್ಚು ಬಾರಿ ಉತ್ತರಿಸಿರುವ ಪ್ರಶ್ನೆ ಇದು. ಕಾನ್ಸೆಪ್ಟ್ ಎಂದರೆ ಒಂದು ಸ್ವತಂತ್ರ ಕಲ್ಪನೆ, ಒಂದು ದಾರಿ. ರಿವಿಷನ್ ಎಂದರೆ ನೀವು ಆರಿಸಿಕೊಂಡ ಅದೇ ದಾರಿಯಲ್ಲಿ ಮಾಡುವ ತಿದ್ದುಪಡಿ: ಅಕ್ಷರ ದೊಡ್ಡದು ಮಾಡುವುದು, ಬಣ್ಣ ಗಾಢವಾಗಿಸುವುದು, ಅಂಶಗಳ ಜಾಗ ಬದಲಿಸುವುದು. "ಎರಡು ಕಾನ್ಸೆಪ್ಟ್, ಮೂರು ರಿವಿಷನ್" ಎಂದಿದ್ದರೆ ಮೊದಲು ಎರಡು ಬೇರೆ ಬೇರೆ ಕರಡುಗಳು ಬರುತ್ತವೆ, ನೀವು ಒಂದನ್ನು ಆರಿಸುತ್ತೀರಿ, ಅದನ್ನು ಮೂರು ಸುತ್ತು ತಿದ್ದಿಸಿಕೊಳ್ಳಬಹುದು. ಮೂರನೆಯ ಸುತ್ತಿನಲ್ಲಿ "ಇದು ಬೇಡ, ಹೊಸದಾಗಿ ತೋರಿಸಿ" ಎಂದರೆ ಅದು ರಿವಿಷನ್ ಅಲ್ಲ, ಹೊಸ ಕೆಲಸ, ಅದಕ್ಕೆ ಹೊಸ ಶುಲ್ಕ.

ಒಂದು "ಸುತ್ತು" ಎಂದರೆ ಎಲ್ಲ ತಿದ್ದುಪಡಿಗಳನ್ನೂ ಒಟ್ಟಿಗೆ ಕೊಡುವುದು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಸಂದೇಶವಾಗಿ ಮತ್ತೊಂದು ಎಂದು ಕಳಿಸಿದರೆ ಲೆಕ್ಕ ತಪ್ಪುತ್ತದೆ, ಸಂಬಂಧವೂ ಹಳಸುತ್ತದೆ. ಕರಡನ್ನು ಮನೆಮಂದಿಗೆಲ್ಲ ತೋರಿಸಿ, ಎರಡು ದಿನ ಕಣ್ಣೆದುರು ಇಟ್ಟುಕೊಂಡು, ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದು ಕಳಿಸುವುದು ಇಬ್ಬರಿಗೂ ಒಳ್ಳೆಯದು.

ಅಡ್ವಾನ್ಸ್ ಕೊಟ್ಟ ಮೇಲೆ ಕೆಲಸ ಬೇಡವೆನಿಸಿದರೆ ಹಣ ವಾಪಸ್ ಬರುತ್ತದೆಯೇ?

ಒಪ್ಪಂದದಲ್ಲಿ ಬರೆದಂತೆ. ಹಲವರು ರದ್ದತಿ ಶುಲ್ಕ ಎಂದು ಒಂದು ಸಾಲು ಸೇರಿಸಿರುತ್ತಾರೆ. ಅಲ್ಲಿಯವರೆಗೆ ಆದ ಕೆಲಸಕ್ಕೆ ಎಷ್ಟು ಕೊಡಬೇಕೆಂದು ಅದು ಹೇಳುತ್ತದೆ. ಕರಡುಗಳು ಬಂದ ಮೇಲೆ ನಿಲ್ಲಿಸಿದರೆ ಮುಂಗಡ ಹಿಂದಿರುಗದಿರುವುದು ನ್ಯಾಯವೇ. ಆದರೆ ಹಾಗೆ ನಿಲ್ಲಿಸಿದ ಕರಡುಗಳನ್ನು ಬೇರೆಯವರ ಕೈಗೆ ಕೊಟ್ಟು ಮುಗಿಸಿಕೊಳ್ಳುವ ಹಕ್ಕು ನಿಮಗೆ ಬರುವುದಿಲ್ಲ ಎಂಬುದನ್ನು ನೆನಪಿಡಿ.

ಹಣ ಪೂರ್ತಿ ಕೊಟ್ಟಿದ್ದೇನೆ. ಇನ್ನು ಲೋಗೊ ನನ್ನದೇ ಅಲ್ಲವೇ?

ಹಣ ಕೊಟ್ಟವರೇ ಒಡೆಯರು ಎಂಬುದು ಸಹಜವಾದ ನಂಬಿಕೆ. ಕಾನೂನು ಹಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆತನ ಅದನ್ನು ರಚಿಸಿದವರದು. ಇದಕ್ಕೆ ಕೆಲವು ಅಪವಾದಗಳಿವೆ. ಸಂಬಳದ ನೌಕರರು ತಮ್ಮ ಕೆಲಸದ ಭಾಗವಾಗಿ ರಚಿಸಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತರದು. ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರ, ಮಾಡಿಸಿದ ಎನ್‌ಗ್ರೇವಿಂಗ್ ಮತ್ತು ಚಲನಚಿತ್ರಗಳು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರದು. ಆದ್ದರಿಂದ ನಿಮ್ಮ ಗಾಣದ ಫೋಟೊ ತೆಗೆಸಿದರೆ ಅದು ನಿಮ್ಮದಾಗುತ್ತದೆ. ಆದರೆ ಆ ಪಟ್ಟಿಯಲ್ಲಿ ಲೋಗೊ, ಲೇಬಲ್ ವಿನ್ಯಾಸಗಳ ಹೆಸರಿಲ್ಲ. ಹೊರಗಿನ ಡಿಸೈನರ್ ಮಾಡಿಕೊಟ್ಟ ಲೋಗೊವಿನ ಹಕ್ಕು, ನೀವು ಬರವಣಿಗೆಯಲ್ಲಿ ಪಡೆದುಕೊಳ್ಳುವವರೆಗೆ, ಅವರಲ್ಲಿಯೇ ಉಳಿಯುತ್ತದೆ ಎಂದುಕೊಂಡು ನಡೆಯುವುದು ಕ್ಷೇಮ. ಇಂಥ ಕಲಾಕೃತಿಯ ಕೃತಿಸ್ವಾಮ್ಯ ರಚಿಸಿದವರ ಜೀವಿತಾವಧಿ ಮತ್ತು ಆನಂತರ 60 ವರ್ಷ ಇರುವುದರಿಂದ ಇದು ಮಕ್ಕಳ ಕಾಲಕ್ಕೂ ಬರುವ ಮಾತು.

ಹಾಗೆ ಪಡೆದುಕೊಳ್ಳುವುದಕ್ಕೆ ಅಸೈನ್‌ಮೆಂಟ್ ಎಂದು ಹೆಸರು, ಕನ್ನಡದಲ್ಲಿ ಹಕ್ಕು ವರ್ಗಾವಣೆ. 19ನೇ ಕಲಮಿನ ಪ್ರಕಾರ ಇದು ಬರವಣಿಗೆಯಲ್ಲಿರಬೇಕು, ವರ್ಗಾಯಿಸುವವರ ಸಹಿ ಇರಬೇಕು, ಯಾವ ಕೃತಿ ಮತ್ತು ಯಾವ ಹಕ್ಕುಗಳು ಎಂದು ಹೇಳಿರಬೇಕು. ಬಹಳ ಜನ ಗಮನಿಸದ ಸಂಗತಿ ಮುಂದಿದೆ. ಎಷ್ಟು ಕಾಲಕ್ಕೆ ಎಂದು ಪತ್ರದಲ್ಲಿ ಬರೆಯದಿದ್ದರೆ ವರ್ಗಾವಣೆ ಐದೇ ವರ್ಷಕ್ಕೆ ಎಂದು ಕಾಯ್ದೆ ತಿಳಿಯುತ್ತದೆ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ತಿಳಿಯುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಆ ಹಕ್ಕು ಕಳೆದುಹೋಗುತ್ತದೆ. "ಲೋಗೊ ನಿಮಗೆ ಕೊಟ್ಟಿದ್ದೇನೆ" ಎಂಬ ಒಂದು ಸಾಲಿನ ಪತ್ರ ಇಟ್ಟುಕೊಂಡು ನೆಮ್ಮದಿಯಾಗಿರುವವರಿಗೆ ಆರನೆಯ ವರ್ಷದಲ್ಲಿ ತೊಂದರೆ ಕಾದಿರಬಹುದು. ಆದ್ದರಿಂದ ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನ ಎಲ್ಲ ಕಡೆಗೆ, ಎಲ್ಲ ಮಾಧ್ಯಮಗಳಿಗೆ, ಇಷ್ಟು ಹಣಕ್ಕೆ, ಒಂದು ವರ್ಷ ಬಳಸದಿದ್ದರೂ ಹಕ್ಕು ಹೋಗದಂತೆ ಎಂದು ಸ್ಪಷ್ಟವಾಗಿ ಬರೆಸಿ, ಲೋಗೊವಿನ ಚಿತ್ರವನ್ನು ಆ ಪತ್ರಕ್ಕೇ ಲಗತ್ತಿಸಿ. ಮೊತ್ತ ದೊಡ್ಡದಾಗಿದ್ದರೆ ಪತ್ರವನ್ನು ವಕೀಲರಿಗೆ ತೋರಿಸಿ. ಕೊನೆಯ ಕಂತಿನ ಹಣ ಮತ್ತು ಈ ಸಹಿ ಒಂದೇ ದಿನ ಆಗಲಿ.

ಎಲ್ಲವನ್ನೂ ಬರೆದುಕೊಟ್ಟ ಮೇಲೂ ರಚಿಸಿದವರಲ್ಲಿ 57ನೇ ಕಲಮಿನ ವಿಶೇಷ ಹಕ್ಕು ಉಳಿದಿರುತ್ತದೆ. ಇದನ್ನು ರಚಿಸಿದ್ದು ನಾನು ಎಂದು ಹೇಳಿಕೊಳ್ಳುವ ಹಕ್ಕು ಅದು, ತಮ್ಮ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕೂ ಹೌದು. ಡಿಸೈನರ್ ನಿಮ್ಮ ಲೇಬಲನ್ನು ತಮ್ಮ ಕೆಲಸದ ಮಾದರಿಯಾಗಿ ತೋರಿಸಲು ಅನುಮತಿ ಕೇಳಿದರೆ ಸಂತೋಷದಿಂದ ಕೊಡಿ. ಅವರ ಮುಂದಿನ ಅನ್ನ ಅದರಲ್ಲಿದೆ.

ಹಾಗಾದರೆ ಲೈಸೆನ್ಸ್ ಎಂದರೇನು?

ಅಸೈನ್‌ಮೆಂಟ್ ಜಮೀನು ಕ್ರಯ ಮಾಡಿಕೊಂಡಂತೆ, ಲೈಸೆನ್ಸ್ ಗುತ್ತಿಗೆಗೆ ಪಡೆದಂತೆ. ಒಡೆತನ ಅವರದೇ, ಬಳಕೆಯ ಅನುಮತಿ ನಿಮಗೆ. ಲೋಗೊವಿಗೆ ಅಸೈನ್‌ಮೆಂಟೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಜಾತ್ರೆಯ ಮಳಿಗೆಗೆ ಮಾಡಿಸಿದ ಒಂದು ಪೋಸ್ಟರಿಗೆ ಲೈಸೆನ್ಸ್ ಸಾಕು, ಹಣವೂ ಉಳಿಯುತ್ತದೆ. "ಎಕ್ಸ್‌ಕ್ಲೂಸಿವ್" ಎಂದಿದ್ದರೆ ಅದನ್ನು ನೀವು ಮಾತ್ರ ಬಳಸಬಹುದು, "ನಾನ್-ಎಕ್ಸ್‌ಕ್ಲೂಸಿವ್" ಎಂದಿದ್ದರೆ ಒಡೆಯರು ಅದನ್ನು ಇತರರಿಗೂ ಕೊಡಬಹುದು. ಸ್ಟಾಕ್ ಫೋಟೊಗಳು, ಅಂದರೆ ಜಾಲತಾಣಗಳಲ್ಲಿ ಯಾರು ಬೇಕಾದರೂ ಪಡೆಯುವಂತೆ ಸಿದ್ಧವಾಗಿ ಇಟ್ಟಿರುವ ಫೋಟೊಗಳು, ಬಹುತೇಕ ಎರಡನೆಯ ಬಗೆಯವು. ಹಾಗಾಗಿ ನಿಮ್ಮ ರಾಗಿ ಹಿಟ್ಟಿನ ಪ್ಯಾಕೆಟ್ ಮೇಲಿರುವ ರೈತ ಮಹಿಳೆಯ ಚಿತ್ರವೇ ಇನ್ನೊಬ್ಬರ ಗೊಬ್ಬರದ ಚೀಲದ ಮೇಲೂ ಕಾಣಬಹುದು. ಇಂಟರ್‌ನೆಟ್‌ನಲ್ಲಿ ಹುಡುಕಿ ಸಿಕ್ಕಿತು ಎಂದ ಮಾತ್ರಕ್ಕೆ ಆ ಚಿತ್ರವನ್ನು ಬಳಸುವ ಲೈಸೆನ್ಸ್ ನಿಮಗೆ ಬರುವುದಿಲ್ಲ. ಡಿಸೈನರ್ ಬಳಸಿದ ಪ್ರತಿ ಚಿತ್ರದ ಮೂಲವನ್ನು ಕೇಳಿ ಬರೆಸಿಕೊಳ್ಳಿ.

ಟ್ರೇಡ್‌ಮಾರ್ಕ್ ಮತ್ತು ಕೃತಿಸ್ವಾಮ್ಯ ಬೇರೆ ಬೇರೆಯೇ?

ಹೌದು. ಕೃತಿಸ್ವಾಮ್ಯ ಚಿತ್ರವನ್ನು ಕೃತಿಯಾಗಿ ಕಾಪಾಡುತ್ತದೆ. ಟ್ರೇಡ್‌ಮಾರ್ಕ್ ಆ ಹೆಸರು, ಗುರುತು ನಿಮ್ಮ ಸರಕನ್ನು ಇತರರ ಸರಕಿನಿಂದ ಬೇರ್ಪಡಿಸುವ ಕೆಲಸವನ್ನು ಕಾಪಾಡುತ್ತದೆ. 1999ರ ಕಾಯ್ದೆಯಂತೆ ನೋಂದಣಿ 10 ವರ್ಷಕ್ಕೆ, ಮತ್ತೆ ಮತ್ತೆ ನವೀಕರಿಸಬಹುದು. ಸರಕುಗಳನ್ನು, ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಅಡುಗೆಗೆ ಬಳಸುವ ಕೊಬ್ಬರಿ ಎಣ್ಣೆ 29ನೇ ವರ್ಗ, ಕೂದಲಿಗೆ ಹಚ್ಚುವ ಎಣ್ಣೆ 3ನೇ ವರ್ಗ, ರಾಗಿ ಹಿಟ್ಟು 30ನೇ ವರ್ಗ. ಎರಡು ವರ್ಗಗಳಲ್ಲಿ ಬೇಕಾದರೆ ಎರಡರ ಶುಲ್ಕ. ಅರ್ಜಿ ಹಾಕುವ ಮೊದಲು, ಅದಕ್ಕೂ ಮುಖ್ಯವಾಗಿ ಲೋಗೊ ಮಾಡಿಸುವ ಮೊದಲು, ಆ ಹೆಸರು ಬೇರೆಯವರ ಬಳಿ ಇದೆಯೇ ಎಂದು ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಟಿಎಂ ಎಂಬ ಗುರುತನ್ನು ನೋಂದಣಿಗೆ ಮುಂಚೆಯೂ ಹಾಕಬಹುದು. ವೃತ್ತದೊಳಗಿನ ಆರ್ ಗುರುತನ್ನು ನೋಂದಣಿಯಾದ ಮೇಲೆ ಮಾತ್ರ ಹಾಕಬೇಕು, ಮೊದಲೇ ಹಾಕುವುದು ಕಾನೂನುಬಾಹಿರ.

"ಓಪನ್ ಫೈಲ್" ಕೇಳಿ ಎಂದು ಪ್ರೆಸ್‌ನವರು ಹೇಳುತ್ತಾರೆ. ನನ್ನ ಬಳಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಲೋಗೊ ಇದೆಯಲ್ಲ?

ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಬಂದದ್ದು ನೋಡುವುದಕ್ಕೆ ಮಾತ್ರ. ಅದು ಕಳಿಸುವಾಗಲೇ ಚಿತ್ರವನ್ನು ಕುಗ್ಗಿಸುತ್ತದೆ. ಚಿತ್ರಗಳಲ್ಲಿ ಎರಡು ಜಾತಿ. ಚುಕ್ಕಿಗಳಿಂದಾದದ್ದು ರಾಸ್ಟರ್, ಅಂದರೆ ಜೆಪೆಗ್, ಪಿಎನ್‌ಜಿ; ದೊಡ್ಡದು ಮಾಡಿದರೆ ಅಂಚು ಒಡೆಯುತ್ತದೆ. ರೇಖೆಗಳ ಗಣಿತದಿಂದಾದದ್ದು ವೆಕ್ಟರ್. ಬಾಟಲಿ ಮುಚ್ಚಳಕ್ಕೂ ಬಸ್ಸಿನ ಮೈಗೂ ಅದೇ ಫೈಲ್ ಸಾಕು. ಓಪನ್ ಫೈಲ್ ಎಂದರೆ ಮುಂದೆ ತಿದ್ದಲು ಸಾಧ್ಯವಾಗುವ ಮೂಲ ಕಡತ, ನಮ್ಮ ಕಡೆ ಸಾಮಾನ್ಯವಾಗಿ ಕೋರಲ್‌ಡ್ರಾ ಅಥವಾ ಇಲ್ಲಸ್ಟ್ರೇಟರ್ ಫೈಲ್.

ಹಕ್ಕು ಬೇರೆ, ಫೈಲ್ ಬೇರೆ. ಹಕ್ಕು ವರ್ಗಾವಣೆಯಾದರೂ ಓಪನ್ ಫೈಲ್ ಕೊಡಬೇಕೆಂದು ಒಪ್ಪಂದದಲ್ಲಿ ಇಲ್ಲದಿದ್ದರೆ ಡಿಸೈನರ್ ಅದಕ್ಕೆ ಬೇರೆ ಶುಲ್ಕ ಕೇಳಬಹುದು. ಲೋಗೊವಿನ ವೆಕ್ಟರ್ ಫೈಲನ್ನು ಕೊಡದ ಒಪ್ಪಂದಕ್ಕೆ ಮಾತ್ರ ಸಹಿ ಹಾಕಬೇಡಿ.

ಬ್ಲೀಡ್, ಡಿಪಿಐ, ಸಿಎಂವೈಕೆ, ಕೆಎಲ್‌ಡಿ: ಇವೆಲ್ಲ ನನಗೇಕೆ ಬೇಕು?

ಮುದ್ರಣಕ್ಕೆ ಹಣ ಕೊಡುವವರು ನೀವಾದ್ದರಿಂದ. ಕಾಗದವನ್ನು ಕತ್ತರಿಸುವಾಗ ಕೂದಲೆಳೆಯಷ್ಟು ಅತ್ತಿತ್ತ ಆಗುತ್ತದೆ, ಆದ್ದರಿಂದ ಹಿನ್ನೆಲೆಯ ಬಣ್ಣವನ್ನು ಅಂಚಿನಾಚೆಗೆ, ಸಾಮಾನ್ಯವಾಗಿ 3 ಮಿ.ಮೀ., ಚಾಚಿರುತ್ತಾರೆ, ಅದೇ ಬ್ಲೀಡ್. ಡಿಪಿಐ ಎಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಎಂಬ ಲೆಕ್ಕ. ಕೈಯಲ್ಲಿ ಹಿಡಿದು ನೋಡುವ ಲೇಬಲ್ಲಿನ ಫೋಟೊಗೆ 300 ಬೇಕು, ದೂರದಿಂದ ನೋಡುವ ಫ್ಲೆಕ್ಸಿಗೆ ಅಷ್ಟು ಬೇಡ. ಮೊಬೈಲ್ ಪರದೆ ಬೆಳಕಿನ ಕೆಂಪು, ಹಸಿರು, ನೀಲಿಯಿಂದ ಬಣ್ಣ ಮಾಡುತ್ತದೆ, ಮುದ್ರಣ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳಿಂದ ಮಾಡುತ್ತದೆ, ಈ ನಾಲ್ಕೇ ಸಿಎಂವೈಕೆ. ಪರದೆಯಲ್ಲಿ ಹೊಳೆದ ಎಳೆಹಸಿರು ಪೌಚಿನ ಮೇಲೆ ಮಂಕಾದರೆ ಯಾರೂ ಮೋಸ ಮಾಡಿಲ್ಲ. ಒಂದೇ ಬಣ್ಣ ಪ್ರತಿ ಬಾರಿಯೂ ತಪ್ಪದೆ ಬರಬೇಕಾದರೆ ಪ್ಯಾಂಟೋನ್‌ನಂಥ ಸ್ಪಾಟ್ ಬಣ್ಣವನ್ನು, ಅಂದರೆ ಮೊದಲೇ ಬೆರೆಸಿ ಸಿದ್ಧಪಡಿಸಿದ ಶಾಯಿಯನ್ನು, ಸಂಖ್ಯೆ ಸಹಿತ ಗೊತ್ತುಮಾಡಬೇಕು.

ಕೆಎಲ್‌ಡಿ ಎಂದರೆ ಪೌಚ್ ಅಥವಾ ಪೆಟ್ಟಿಗೆಯನ್ನು ಬಿಡಿಸಿ ಹರಡಿದಾಗಿನ ಅಳತೆಯ ನಕ್ಷೆ. ಎಲ್ಲಿ ಮಡಿಕೆ, ಎಲ್ಲಿ ಬೆಸುಗೆ, ಎಲ್ಲಿ ಏನನ್ನೂ ಬರೆಯಬಾರದು ಎಂದು ಅದು ತೋರಿಸುತ್ತದೆ. ಪೌಚ್ ತಯಾರಿಸುವವರಿಂದ ಇದನ್ನು ಪಡೆದು ಡಿಸೈನರಿಗೆ ಕೊಡುವುದು ಮೊದಲ ಹೆಜ್ಜೆ, ಕೊನೆಯದಲ್ಲ. ಗ್ರೇವ್ಯೂರ್ ವಿಧಾನದಲ್ಲಿ ಪೌಚ್ ಮುದ್ರಿಸುವಾಗ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೊರೆಯುತ್ತಾರೆ. ಪಾರದರ್ಶಕ ಹಾಳೆಯಾದರೆ ಬಿಳಿಗೂ ಒಂದು ಬೇಕು. ಕೊರೆದ ಮೇಲೆ ಒಂದು ಅಕ್ಷರ ಬದಲಿಸಬೇಕೆಂದರೂ ಆ ಸಿಲಿಂಡರನ್ನು ಹೊಸದಾಗಿ ಮಾಡಿಸಬೇಕು. ಮೊದಲ ವರ್ಷ ಸಾದಾ ಪೌಚಿನ ಮೇಲೆ ಸ್ಟಿಕ್ಕರ್ ಅಂಟಿಸಿ ಮಾರಿ, ಹೆಸರು, ಬೆಲೆ, ತೂಕ ಎಲ್ಲ ನೆಲೆಗೊಂಡ ಮೇಲೆ ಸಿಲಿಂಡರ್ ಮಾಡಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಕನ್ನಡ ಅಕ್ಷರಗಳ ವಿಷಯದಲ್ಲಿ ಏನಾದರೂ ವಿಶೇಷವಾಗಿ ಗಮನಿಸಬೇಕೇ?

ಬಹಳ ಇದೆ. ನುಡಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಟ್ಟುಕೊಂಡಿವೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಗೊತ್ತುಮಾಡುವ ವ್ಯವಸ್ಥೆಯಾದ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸ್ಥಾನಗಳಿವೆ. ಹಳೆಯ ಬಗೆಯಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್ ಫಾಂಟಿಗೆ ತಂದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮ: ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಆಯ್ಕೆಯನ್ನು ಬದಲಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ, "ಕೊಬ್ಬರಿ ಎಣ್ಣೆ" ಎಂಬುದು "ಕೊಬ್‌ಬರಿ ಎಣ್‌ಣೆ" ಎಂದು ಕೂರುತ್ತದೆ. ಕನ್ನಡ ಓದಲು ಬಾರದ ಡಿಸೈನರಿಗೆ ಅದು ತಪ್ಪೆಂದು ತಿಳಿಯುವುದೇ ಇಲ್ಲ. ಕನ್ನಡ ಬಲ್ಲ ನನ್ನ ಕಣ್ಣೂ ಒಮ್ಮೆ ತಪ್ಪಿ, ಹಿಂದಿನ ಲೇಬಲ್ಲಿನ ಸಣ್ಣ ಅಕ್ಷರಗಳಲ್ಲಿ ಹೀಗಾಗಿದ್ದನ್ನು ಗಮನಿಸದೆ ಮುದ್ರಣಕ್ಕೆ ಕಳಿಸಿದೆ. ಅಚ್ಚಾದ ಲೇಬಲ್ಲುಗಳನ್ನೆಲ್ಲ ತೆಗೆದಿಟ್ಟು ನನ್ನ ಖರ್ಚಿನಲ್ಲಿ ಮತ್ತೆ ಮಾಡಿಸಿಕೊಟ್ಟೆ. ಅಂದಿನಿಂದ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದದೆ ಯಾವುದನ್ನೂ ಕಳಿಸಿಲ್ಲ.

ಪ್ರೆಸ್‌ನವರು "ಕರ್ವ್ ಮಾಡಿ ಕೊಡಿ" ಎಂದರೆ ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿ ಕೊಡಿ ಎಂದರ್ಥ. ಆಗ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಆಕಾರ ಕೆಡುವುದಿಲ್ಲ. ಕರ್ವ್ ಮಾಡಿದ ಮೇಲೆ ಪಠ್ಯ ತಿದ್ದಲಾಗದು, ಹಾಗಾಗಿ ಕರ್ವ್ ಮಾಡದ ಪ್ರತಿಯೂ ನಿಮ್ಮ ಬಳಿ ಇರಲಿ. ಫಾಂಟಿಗೂ ಲೈಸೆನ್ಸ್ ಇರುತ್ತದೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ ಮುಂತಾದವು ಮುಕ್ತ ಪರವಾನಗಿಯವು, ವ್ಯಾಪಾರಕ್ಕೂ ಶುಲ್ಕವಿಲ್ಲದೆ ಬಳಸಬಹುದು. ಇಂಗ್ಲಿಷಿನಲ್ಲಿ ವಿನ್ಯಾಸ ಮುಗಿಸಿ ಉಳಿದ ಜಾಗದಲ್ಲಿ ಕನ್ನಡವನ್ನು ತುರುಕುವ ರೂಢಿ ನನಗೆ ನೋವುಂಟುಮಾಡುತ್ತದೆ. ಒತ್ತು, ಗುಣಿತಗಳಿಗೆ ಮೇಲೆ ಕೆಳಗೆ ಜಾಗ ಬೇಕು, ಆದ್ದರಿಂದ ಕನ್ನಡವನ್ನೇ ಮೊದಲು ಕೂರಿಸಲು ಹೇಳಿ.

ಲೇಬಲ್ ಮೇಲಿನ ಕಡ್ಡಾಯ ವಿವರಗಳ ಜವಾಬ್ದಾರಿ ಡಿಸೈನರದೇ?

ಅಲ್ಲ, ತಯಾರಕರಾದ ನಿಮ್ಮದು. ಡಿಸೈನರ್ ಜಾಗ ಮಾಡಿಕೊಡುತ್ತಾರೆ, ಪಠ್ಯ ನೀವು ಕೊಡಬೇಕು. 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ತಯಾರಕರ ಹೆಸರು ವಿಳಾಸ, ಸರಕಿನ ಸಾಮಾನ್ಯ ಹೆಸರು, ನಿವ್ವಳ ತೂಕ ಅಥವಾ ಅಳತೆ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ಹೇಳಲು ಸಂಪರ್ಕ ವಿವರ ಇರಬೇಕು. ಆಹಾರವಾದರೆ ಇವುಗಳ ಜೊತೆಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ವಿವರ, ಬ್ಯಾಚ್ ಸಂಖ್ಯೆಗಳೂ ಬರುತ್ತವೆ. ಆಹಾರದ ಲೇಬಲ್ಲಿನಲ್ಲಿ ಇವು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿರಬೇಕು ಎಂಬುದು ನಿಯಮ, ಅದರೊಂದಿಗೆ ಕನ್ನಡವನ್ನು ಸೇರಿಸಲು ಯಾವ ಅಡ್ಡಿಯೂ ಇಲ್ಲ. ಅಕ್ಷರದ ಎತ್ತರಕ್ಕೂ ನಿಯಮವಿರುವುದರಿಂದ, ಸಣ್ಣ ಪ್ಯಾಕೆಟ್ಟಿನಲ್ಲಿ ಈ ವಿವರಗಳೇ ಎಷ್ಟು ಜಾಗ ಹಿಡಿಯುತ್ತವೆ ಎಂದು ಮೊದಲೇ ಲೆಕ್ಕಹಾಕಬೇಕು.

ಅಂಗಡಿಯ ಬೋರ್ಡಿಗೂ ಇದೇ ಡಿಸೈನ್ ಹಾಕಬಹುದೇ?

ಹಾಕಬಹುದು, ಆದರೆ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ಲೋಗೊ ಮಾಡಿಸುವಾಗಲೇ ಕನ್ನಡದ ರೂಪವನ್ನೂ ಡೆಲಿವರಬಲ್ ಪಟ್ಟಿಯಲ್ಲಿ ಸೇರಿಸಿದರೆ ಬೋರ್ಡ್ ಬರೆಯುವವರು ತಮಗೆ ತೋಚಿದ ಅಕ್ಷರ ಹಾಕುವುದು ತಪ್ಪುತ್ತದೆ.

ಪ್ರೂಫ್‌ಗೆ "ಓಕೆ" ಎಂದು ಕಳಿಸಿದ ಮೇಲೆ ತಪ್ಪು ಕಂಡರೆ ಯಾರ ಹೊಣೆ?

ಸಾಮಾನ್ಯವಾಗಿ ಓಕೆ ಎಂದವರದು. ಹೆಚ್ಚಿನ ಒಪ್ಪಂದಗಳು ಹಾಗೆಯೇ ಹೇಳುತ್ತವೆ. ಪ್ರೂಫ್ ಎಂದರೆ ಮುದ್ರಣಕ್ಕೆ ಮುಂಚಿನ ಪರಿಶೀಲನಾ ಪ್ರತಿ. ಮೊಬೈಲಿನಲ್ಲಿ ನೋಡುವ ಪಿಡಿಎಫ್‌ನಿಂದ ಪಠ್ಯವನ್ನು ಪರೀಕ್ಷಿಸಬಹುದು, ಬಣ್ಣವನ್ನು ಪರೀಕ್ಷಿಸಲಾಗದು. ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ, ಕತ್ತರಿಸಿ, ಬಾಟಲಿಗೆ ಸುತ್ತಿ ನೋಡಿ. ಫೋನ್ ಸಂಖ್ಯೆಗೆ ಕರೆ ಮಾಡಿ ನೋಡಿ. ಬಾರ್‌ಕೋಡ್ ಇದ್ದರೆ ಸ್ಕ್ಯಾನ್ ಮಾಡಿಸಿ. ಆಮೇಲೆ ದಿನಾಂಕ ಹಾಕಿ ಸಹಿ ಮಾಡಿ.

ಮೂರು ವರ್ಷದ ಹಿಂದೆ ಲೇಬಲ್ ಮಾಡಿಕೊಟ್ಟ ಡಿಸೈನರ್ ಈಗ ಸಂಪರ್ಕಕ್ಕೆ ಸಿಗುತ್ತಿಲ್ಲ. ಏನು ಮಾಡಲಿ?

ಓಪನ್ ಫೈಲ್ ಮತ್ತು ಹಕ್ಕಿನ ಪತ್ರ ಎರಡೂ ಇದ್ದರೆ ಬೇರೆಯವರಿಂದ ಮುಂದುವರಿಸಿ. ಫೈಲ್ ಇಲ್ಲದೆ ಪತ್ರ ಮಾತ್ರ ಇದ್ದರೆ ಮುದ್ರಿತ ಲೇಬಲ್ಲನ್ನು ನೋಡಿ ಹೊಸದಾಗಿ ಗೆರೆ ಎಳೆಸಬಹುದು, ಇದನ್ನು ರೀಡ್ರಾ ಎನ್ನುತ್ತಾರೆ. ಮುದ್ರಿಸಿದ ಪ್ರೆಸ್‌ನಲ್ಲಿ ಹಳೆಯ ಫೈಲ್ ಉಳಿದಿರುವ ಸಾಧ್ಯತೆಯೂ ಇದೆ, ಮೊದಲು ಅಲ್ಲಿ ವಿಚಾರಿಸಿ. ಪತ್ರವೂ ಇಲ್ಲದಿದ್ದರೆ ಅವರ ಮನೆಯವರ ಅಥವಾ ಹಿಂದಿನ ಸಹೋದ್ಯೋಗಿಗಳ ಮೂಲಕ ಹುಡುಕಿಸಿ, ಈಗಲಾದರೂ ಬರೆಸಿಕೊಳ್ಳಲು ಪ್ರಯತ್ನಿಸಿ. ಹೊಸದಾಗಿ ಮಾಡಿಸುವವರು ಓಪನ್ ಫೈಲ್, ಕರ್ವ್ ಮಾಡಿದ ಪಿಡಿಎಫ್, ಕನ್ನಡ ಮತ್ತು ಇಂಗ್ಲಿಷ್ ಲೋಗೊಗಳು, ಬಣ್ಣಗಳ ಸಂಖ್ಯೆ, ಫಾಂಟುಗಳ ಹೆಸರು, ಕೆಎಲ್‌ಡಿ, ಸಹಿಯಾದ ಪ್ರೂಫ್ ಮತ್ತು ಹಕ್ಕು ವರ್ಗಾವಣೆ ಪತ್ರದ ಸ್ಕ್ಯಾನ್ ಪ್ರತಿಯನ್ನು ಒಂದೇ ಫೋಲ್ಡರಿನಲ್ಲಿಟ್ಟು, ಒಂದು ಪ್ರತಿಯನ್ನು ಇಮೇಲ್ ಖಾತೆಯಲ್ಲಿಯೂ ಇನ್ನೊಂದನ್ನು ಪೆನ್‌ಡ್ರೈವ್‌ನಲ್ಲಿಯೂ ಇರಿಸಿ, ಪೆನ್‌ಡ್ರೈವನ್ನು ಎಫ್‌ಎಸ್‌ಎಸ್‌ಎಐ ಪ್ರಮಾಣಪತ್ರ ಇರುವ ಕಡತದೊಳಗೇ ಇಡಿ.